ಬಿ.ಕಾಂ. ಮುಗಿಸುತ್ತಿರುವವರು ಚಾರ್ಟರ್ಡ್ ಅಕೌಂಟೆಂಟ್ ಆಗಿ ನೋಂದಾಯಿಸಿಕೊಳ್ಳುವ ದಾರಿ

ಉಡುಪಿಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಾ ಸಂಜೆ ಹೊತ್ತು ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಟ್ಯಾಲಿ ಎಂಟ್ರಿ ಮಾಡುತ್ತಿದ್ದೀರಿ. ವೃತ್ತಿಪರ ಅಕೌಂಟೆಂಟ್ ಎಂದು ನೋಂದಾಯಿಸಿಕೊಳ್ಳಲು ಏನು ಮಾಡಬೇಕು, ಈಗಿನ ಅನುಭವ ಅದಕ್ಕೆ ಲೆಕ್ಕವಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿರುವ ಸಿ.ಎ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಲೆಕ್ಕವಾಗುವುದಿಲ್ಲ. ಕೈ ಪಳಗುತ್ತದೆ ಎಂಬುದು ನಿಜ, ಆದರೆ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯಲ್ಲಿ ದಾಖಲಾದ ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ಒಬ್ಬರ ಕೈಕೆಳಗೆ ಮಾಡುವ ಕೆಲಸ, ಮಾತ್ರ ತರಬೇತಿ ಎನಿಸಿಕೊಳ್ಳುತ್ತದೆ.

ಅಂಗಡಿಯ ಲೆಕ್ಕ ಬರೆಯಲು ಯಾವ ನೋಂದಣಿಯೂ ಬೇಕಿಲ್ಲ. ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವುದಷ್ಟೇ ನಿಮ್ಮ ಗುರಿಯಾಗಿದ್ದರೆ, ಪದವಿಯ ನಂತರ ಜಿ.ಎಸ್.ಟಿ. ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು ಅದರ ಪರೀಕ್ಷೆಯನ್ನು ಪಾಸು ಮಾಡಿದರೆ ಸಾಕು. ಕಂಪನಿಯ ಆಡಿಟ್ ವರದಿಗೋ ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್ ವರದಿಗೋ ಸಹಿ ಹಾಕಬೇಕಾದರೆ ಮಾತ್ರ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಸ್ಥಾಪನೆಯಾದ ಸಂಸ್ಥೆಯ, ಅಂದರೆ ಐ.ಸಿ.ಎ.ಐ.ಯ ಸದಸ್ಯತ್ವವೂ ಪ್ರಾಕ್ಟೀಸ್ ಪ್ರಮಾಣಪತ್ರವೂ ಬೇಕಾಗುತ್ತವೆ.

ಇಂದೇ ನಿಮ್ಮ ಅಂಕಪಟ್ಟಿಗಳನ್ನು ತೆಗೆದು ಕೂಡಿಸಿ ನೋಡಿ. ವಾಣಿಜ್ಯ ಪದವೀಧರರಿಗೆ ಶೇ. 55, ಉಳಿದ ಪದವೀಧರರಿಗೆ ಶೇ. 60 ಇದ್ದರೆ ಸಿ.ಎ.ಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ಪ್ರವೇಶವಿದೆ. ಕೊನೆಯ ವರ್ಷದಲ್ಲಿರುವವರು ತಾತ್ಕಾಲಿಕವಾಗಿಯೂ ನೋಂದಾಯಿಸಿಕೊಳ್ಳಬಹುದು. ನನ್ನ ಸಹಪಾಠಿಯೊಬ್ಬ ಈ ಲೆಕ್ಕ ಹಾಕಿಕೊಳ್ಳದೆ ನಿಶ್ಚಿಂತೆಯಿಂದ ಇದ್ದವನು, ಫಲಿತಾಂಶದಲ್ಲಿ ಶೇ. 53 ಬಂದು, ಪಿ.ಯು. ಮುಗಿಸಿ ಬಂದ ಹುಡುಗರ ನಡುವೆ ಕುಳಿತು ಫೌಂಡೇಶನ್‌ಗೆ ಸಮಾನವಾದ ಅಂದಿನ ಪರೀಕ್ಷೆಯನ್ನು ಬರೆಯಬೇಕಾಯಿತು.

ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಗ್ರೂಪ್‌ಗಳಲ್ಲಿ ಆರು ಪೇಪರ್‌ಗಳಿವೆ. ನೋಂದಣಿಯಾಗಿ ಎಂಟು ತಿಂಗಳ ಅಧ್ಯಯನದ ಅವಧಿ ಕಳೆಯಬೇಕು. ಪ್ರತಿ ಪೇಪರ್‌ನಲ್ಲಿ 40 ಅಂಕ, ಗ್ರೂಪ್‌ನ ಒಟ್ಟು ಅಂಕಗಳಲ್ಲಿ ಶೇ. 50 ಬರಬೇಕು. ಎಲ್ಲದರಲ್ಲೂ ನಲವತ್ತು ನಲವತ್ತೈದು ತೆಗೆದು ಅಗ್ರಿಗೇಟ್‌ನಲ್ಲಿ ಬೀಳುವವರೇ ಬಹಳ ಮಂದಿ, ಅವರಲ್ಲಿ ನಾನೂ ಒಬ್ಬನಾಗಿದ್ದೆ.

ಎರಡೂ ಗ್ರೂಪ್ ಪಾಸಾಗಿ, ಮಾಹಿತಿ ತಂತ್ರಜ್ಞಾನ ಮತ್ತು ಓರಿಯಂಟೇಶನ್ ತರಗತಿಗಳನ್ನು ಮುಗಿಸಿದ ಮೇಲೆ ಆರ್ಟಿಕಲ್‌ಶಿಪ್ ಆರಂಭವಾಗುತ್ತದೆ. ನಮ್ಮ ಕಾಲಕ್ಕೆ ಮೂರು ವರ್ಷವಿತ್ತು. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಎರಡೇ ವರ್ಷ, ರಜೆಯೂ ವರ್ಷಕ್ಕೆ ಹನ್ನೆರಡೇ ದಿನ. ಅವಧಿ ಕಡಿಮೆಯಾಗಿರುವುದರಿಂದಲೇ ಕಚೇರಿಯನ್ನು ಆರಿಸುವಾಗ ಎಚ್ಚರ ಬೇಕು. ಸ್ಟೈಪೆಂಡ್ ಎಷ್ಟು, ಮನೆಗೆ ಎಷ್ಟು ಹತ್ತಿರ ಎಂಬುದಕ್ಕಿಂತ ಅಲ್ಲಿ ಯಾವ ಯಾವ ಬಗೆಯ ಕಡತಗಳಿವೆ ಎಂದು ಕೇಳಿ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ನೆಲ ನಮ್ಮದು. ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್‌ಗೆ ಹೋಗುವ ಕಚೇರಿ ಸಿಕ್ಕಿದರೆ ಬಿಡಬೇಡಿ. ಗೇರುಬೀಜದ ಕಾರ್ಖಾನೆ, ಅಡಿಕೆ ವ್ಯಾಪಾರ, ಸಹಕಾರ ಸಂಘ, ಮೀನುಗಾರಿಕೆ, ಇವುಗಳಲ್ಲಿ ಎರಡಾದರೂ ಇದ್ದರೆ ಒಳ್ಳೆಯದು.

ಏಕೆಂದರೆ ಊರನ್ನು ಬಲ್ಲವನಿಗೆ ಮಾತ್ರ ಕಾಣುವ ತಪ್ಪುಗಳಿರುತ್ತವೆ. ನಾನು ಸೇರಿದ ಮೊದಲ ವರ್ಷ ಮಲ್ಪೆಯ ಟ್ರಾಲ್ ಬೋಟ್ ಮಾಲೀಕರೊಬ್ಬರ ವೋಚರ್‌ಗಳನ್ನು ನೋಡುತ್ತಿದ್ದೆ. ಮಂಜುಗಡ್ಡೆಯ ನೀರು ತಾಗಿ ಶಾಯಿ ಹರಡಿದ ಬಿಲ್ಲುಗಳು. ಒಂದಕ್ಕೊಂದು ಅಂಟಿಕೊಂಡಿದ್ದವನ್ನು ಬಿಡಿಸಿ, ಮೊತ್ತ ತಾಳೆ ನೋಡಿ, ಹಸಿರು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಾ ಹೋದೆ. ನನ್ನ ಪ್ರಿನ್ಸಿಪಾಲ್, ಅಂದರೆ ನನಗೆ ತರಬೇತಿ ಕೊಡುತ್ತಿದ್ದ ಸಿ.ಎ., ಕಟ್ಟನ್ನು ತಿರುವಿ ಒಂದು ಡೀಸೆಲ್ ಬಿಲ್ಲನ್ನು ಹೊರಗೆಳೆದು, "ತಾರೀಕು ಓದು ಮಾರಾಯಾ" ಎಂದರು. ಜೂನ್ 18. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. ವಿಚಾರಿಸಿದಾಗ, ಮೇ ತಿಂಗಳ ಸಾಲದ ಡೀಸೆಲ್‌ಗೆ ಬಂಕಿನವರು ತಡವಾಗಿ ಬರೆದ ಬಿಲ್ಲು ಎಂದು ತಿಳಿಯಿತು. ಮೋಸವೇನೂ ಇರಲಿಲ್ಲ. ಆದರೆ ಮೊತ್ತವನ್ನಷ್ಟೇ ನೋಡಿದ ನಾನು ಟಿಕ್ ಹಾಕಿಯಾಗಿತ್ತು.

ಆರ್ಟಿಕಲ್‌ಶಿಪ್ ಮುಗಿದು ಆರು ತಿಂಗಳಾದ ಬಳಿಕ ಫೈನಲ್ ಪರೀಕ್ಷೆ. ಅದರಲ್ಲೂ ಆರು ಪೇಪರ್‌ಗಳು. ಅದಕ್ಕೂ ಮೊದಲು ಆನ್‌ಲೈನ್‌ನಲ್ಲಿ ನಿಮ್ಮ ವೇಗಕ್ಕೆ ತಕ್ಕಂತೆ ಓದುವ ನಾಲ್ಕು ಮಾಡ್ಯೂಲ್‌ಗಳನ್ನು ಪಾಸು ಮಾಡಿರಬೇಕು. ಇವನ್ನು ಆರ್ಟಿಕಲ್‌ಶಿಪ್‌ನ ಅವಧಿಯಲ್ಲೇ ಮುಗಿಸಿಕೊಳ್ಳುವುದು ಲೇಸು.

ಫೈನಲ್ ಪಾಸಾದ ದಿನವೇ ಹೆಸರಿನ ಮುಂದೆ ಸಿ.ಎ. ಎಂದು ಬರೆದುಕೊಳ್ಳುವವರಿದ್ದಾರೆ. ಅದು ತಪ್ಪು. ಸದಸ್ಯನಲ್ಲದವನು ಸದಸ್ಯನೆಂದು ಹೇಳಿಕೊಳ್ಳುವುದು ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಶಿಕ್ಷಾರ್ಹ. ಸಂಸ್ಥೆಯ ಪೋರ್ಟಲ್‌ನಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸದಸ್ಯತ್ವ ಸಂಖ್ಯೆ ಬಂದ ಮೇಲೆಯೇ ನೀವು ಅಸೋಸಿಯೇಟ್ ಸದಸ್ಯರು. ನೌಕರಿಗೆ ಹೋಗುವವರಿಗೆ ಅಷ್ಟೇ ಸಾಕು. ಸ್ವಂತ ಕಚೇರಿ ತೆರೆಯುವವರು ಪ್ರಾಕ್ಟೀಸ್ ಪ್ರಮಾಣಪತ್ರವನ್ನೂ ಪಡೆಯಬೇಕು. ಅದು ಕೈಗೆ ಬಂದ ಮೇಲೆ, ನೀವು ಸಹಿ ಮಾಡುವ ಪ್ರತಿ ಆಡಿಟ್ ವರದಿಗೂ ಪ್ರಮಾಣಪತ್ರಕ್ಕೂ ಪೋರ್ಟಲ್‌ನಿಂದ ಯು.ಡಿ.ಐ.ಎನ್. ಎಂಬ, ಅಂಕಿ ಅಕ್ಷರ ಸೇರಿ 18 ಸ್ಥಾನಗಳ, ಆ ದಾಖಲೆಯ ಗುರುತುಸಂಖ್ಯೆಯನ್ನು ಪಡೆದು ನಮೂದಿಸಬೇಕಾಗುತ್ತದೆ. ಬ್ಯಾಂಕಿನವರು ಆ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ, ಸಹಿ ನಿಮ್ಮದೇ ಹೌದೋ ಅಲ್ಲವೋ ಎಂದು ತಾಳೆ ನೋಡಬಹುದು.

ಮಂಗಳೂರಿನಲ್ಲೂ ಉಡುಪಿಯಲ್ಲೂ ಸಂಸ್ಥೆಯ ಶಾಖೆಗಳಿವೆ. ಅಂಕ ಕೂಡಿಸಿ ನೋಡಿದ ಮೇಲೆ, ಅಂಕಪಟ್ಟಿಗಳ ಪ್ರತಿಯೊಂದಿಗೆ ಉಡುಪಿಯ ಶಾಖೆಗೇ ಒಮ್ಮೆ ಹೋಗಿ ಬನ್ನಿ.