ನಿಮ್ಮ ಶುಗರ್ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಯಾಕೆ ಅಂದರೆ

ನಮಸ್ಕಾರ.

‘ಅಧಿಕ ರಕ್ತಶರ್ಕರ ಮತ್ತು ಉತ್ಕರ್ಷಣಕಾರಿ ಒತ್ತಡ: ರಕ್ತನಾಳದ ಅಂತಃಸ್ತರ ಕೋಶಗಳ ಮೇಲಾಗುವ ಪರಿಣಾಮಗಳು’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಶೀರ್ಷಿಕೆ ದಾಟುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಸಾಡುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ. ‘ಇಂದಿನ ಧಾವಂತದ ಬದುಕಿನಲ್ಲಿ’ ಅಂತ ಶುರುವಾಗುವ ಲೇಖನಗಳು ನನ್ನ ಮೇಜಿನ ಮೇಲೆ ಸದಾ ಒಂದಷ್ಟು ಇರುತ್ತವೆ. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಶುಗರ್ ಇದೆ ಅಂತ ಐಸಿಎಂಆರ್‌ನ ದೊಡ್ಡ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ನಮ್ಮ ಓದುಗರಿಗೆ ಇದು ಪಕ್ಕದ ಕೋಣೆಯ ವಿಷಯ. ಶುಗರ್ ಅಪಾಯ ಅಂತ ಅವರಿಗೆ ಹೇಳಿಕೊಡಬೇಕಿಲ್ಲ. ಅವರ ತಲೆಯಲ್ಲಿರುವ ಪ್ರಶ್ನೆಯೇ ಬೇರೆ. ರಕ್ತ ಮೈಯೆಲ್ಲ ಸುತ್ತುತ್ತದೆ, ಸಕ್ಕರೆಯೂ ಜೊತೆಗೇ ಸುತ್ತುತ್ತದೆ, ಹಾಗಿದ್ದ ಮೇಲೆ ಕಣ್ಣು, ಕಿಡ್ನಿ, ಪಾದಗಳೇ ಯಾಕೆ ಮೊದಲು ಕೆಡಬೇಕು? ನಮ್ಮಪ್ಪನಿಗೆ ಡಾಕ್ಟರು ಕಣ್ಣಿನ ಪರೀಕ್ಷೆ ಬರೆದುಕೊಟ್ಟಾಗ ಅವರು ಕೇಳಿದ್ದೂ ಇದನ್ನೇ: ‘ಶುಗರ್ ರಕ್ತದಲ್ಲಿ ತಾನೇ, ಕಣ್ಣಿಗೇನು?’

ಇದಕ್ಕೆ ಉತ್ತರ ನಿಮ್ಮ ಲೇಖನದಲ್ಲೇ ಇದೆ! ಐದನೇ ಪುಟದಲ್ಲಿ, ಅರ್ಧ ಸಾಲಿನಲ್ಲಿ, ಅದೂ ಆವರಣ ಚಿಹ್ನೆಯೊಳಗೆ. ನಮ್ಮ ಬಹುತೇಕ ಜೀವಕೋಶಗಳು ಹೊರಗೆ ಸಕ್ಕರೆ ಜಾಸ್ತಿಯಾದಾಗ ಒಳಗೆ ಬಿಟ್ಟುಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ರಕ್ತನಾಳದ, ಅದರಲ್ಲೂ ಕಣ್ಣಿನ ಪರದೆಯ ಸಣ್ಣ ರಕ್ತನಾಳದ, ಒಳಮೈಗೆ ಒಂದೇ ಪದರವಾಗಿ ಅಂಟಿಕೊಂಡಿರುವ ಈ ಜೀವಕೋಶಗಳಿಗೆ ಅದು ಸರಿಯಾಗಿ ಬರುವುದಿಲ್ಲ. ಇನ್ಸುಲಿನ್ ಬಂದು ಕದ ತೆಗೆಯಬೇಕು ಅನ್ನುವ ಲೆಕ್ಕವೂ ಇಲ್ಲಿಲ್ಲ. ಗ್ಲುಟ್-1 ಅನ್ನುವ ಬಾಗಿಲು ತೆರೆದೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಕೋಶದೊಳಗೂ ಏರುತ್ತದೆ. ಕಿಡ್ನಿಯ ಸೋಸುವ ಗಂಟಿನಲ್ಲಿರುವ ಕೆಲವು ಕೋಶಗಳದ್ದೂ, ಕೈಕಾಲಿನ ನರಗಳ ಸುತ್ತ ಇರುವ ಕೋಶಗಳದ್ದೂ ಇದೇ ಪಾಡು. ಈ ವಿಷಯವನ್ನು ಮೊದಲ ಪ್ಯಾರಾಕ್ಕೆ ತನ್ನಿ. ಉಳಿದ ಲೇಖನ ಇದರ ಬೆನ್ನಿಗೇ ಬರಲಿ.

ಆಮೇಲೆ ಒಳಗೆ ಏನಾಗುತ್ತದೆ ಅನ್ನುವ ಭಾಗ. ಅಲ್ಲಿ ನೀವು ಪಾಲಿಯಾಲ್, ಹೆಕ್ಸೋಸಮೈನ್, ಪಿಕೆಸಿ, ಎಜಿಇ ಅಂತ ನಾಲ್ಕು ದಾರಿಗಳನ್ನು ಸಾಲಾಗಿ ಇಟ್ಟಿದ್ದೀರಿ. ಪರೀಕ್ಷೆಯಲ್ಲಿ ಮಾರ್ಕ್ಸ್ ಸಿಗಬಹುದು, ಓದುಗ ಅಷ್ಟು ಹೊತ್ತಿಗೆ ಪುಟ ತಿರುಗಿಸಿರುತ್ತಾನೆ. ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಶುಗರ್ ರೋಗದ ಸಂಶೋಧಕ ಮೈಕಲ್ ಬ್ರೌನ್‌ಲೀ ಮತ್ತು ಅವರ ಜೊತೆಗಾರರು, 2000-2001ರ ಹೊತ್ತಿಗೆ. ನಾನಾದರೆ ಆಲೆಮನೆಯಿಂದ ಶುರು ಮಾಡುತ್ತಿದ್ದೆ. ಗಾಣಕ್ಕೆ ಅಳತೆ ಮೀರಿ ಕಬ್ಬು ಕೊಟ್ಟರೆ ರಸ ಆಚೆ ಈಚೆ ಸಿಡಿಯುತ್ತದೆ. ಹಾಗೆಯೇ ಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಕ್ಕೆ ಉರುವಲು ಜಾಸ್ತಿಯಾದಾಗ ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟಿ ಸೂಪರ್‌ಆಕ್ಸೈಡ್ ಆಗುತ್ತವೆ. ಅದು ಡಿಎನ್‌ಎಗೆ ಏಟು ಕೊಡುತ್ತದೆ. ಡಿಎನ್‌ಎ ರಿಪೇರಿಗೆ ಅಂತ ಬಂದ ಪಾರ್ಪ್ ಎಂಬ ಕಿಣ್ವದ ಕೆಲಸದಿಂದಲೇ, ಸಕ್ಕರೆ ಒಡೆಯುವ ಸಾಲಿನ ನಡುವೆ ಇರುವ ಜಿಎಪಿಡಿಎಚ್ ಕಿಣ್ವ ಮಂಕಾಗುತ್ತದೆ. ಅಲ್ಲಿಗೆ ಒಲೆ ಆರಿದ ಹಾಗೆ. ಕೊಪ್ಪರಿಗೆಯಲ್ಲಿ ಕುದಿಯಬೇಕಾದ ರಸ ಹಿಂದೆಯೇ ನಿಂತು ಹುಳಿಯಾಗುತ್ತದಲ್ಲ, ಇಲ್ಲೂ ಅರ್ಧ ಒಡೆದ ಸಕ್ಕರೆ ಹಿಂದೆ ಜಮೆಯಾಗಿ ಸಿಕ್ಕ ಸಿಕ್ಕ ಅಡ್ಡದಾರಿ ಹಿಡಿಯುತ್ತದೆ. ನಿಮ್ಮ ನಾಲ್ಕು ದಾರಿ ಅಂದರೆ ಈ ಅಡ್ಡದಾರಿಗಳೇ. ಹೋಲಿಕೆ ಅತಿಯಾಯಿತು ಅನ್ನಿಸಿದರೆ ಮುಲಾಜಿಲ್ಲದೆ ಕಿತ್ತುಹಾಕಿ. ಒಂದು ಎಚ್ಚರ: ಇದು ಬಲವಾದ ವಾದ, ಕೊನೆಯ ಮಾತಲ್ಲ. ಸೂಪರ್‌ಆಕ್ಸೈಡ್ ಹುಟ್ಟುವ ಬೇರೆ ಜಾಗಗಳೂ ಇವೆ, ಮೈಟೊಕಾಂಡ್ರಿಯದ ಪಾಲು ಎಷ್ಟು ಅನ್ನುವ ಜಗಳ ಆಮೇಲೂ ನಡೆದಿದೆ. ‘ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಅನ್ನುವ ಸಾಲು ನಿಮ್ಮಲ್ಲಿ ಆರು ಕಡೆ ಇದೆ. ಆರೂ ಬೇಡ.

ನೈಟ್ರಿಕ್ ಆಕ್ಸೈಡ್ ಬಗ್ಗೆ ಬರೆದದ್ದು ಒಣ ಒಣ. ಎಂಥ ಕಥೆ ಬಿಟ್ಟಿದ್ದೀರಿ ಗೊತ್ತಾ? ನರಗಳು ಸಂದೇಶ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಹಾಕಿದರೆ ಮೊಲದ ರಕ್ತನಾಳದ ಪಟ್ಟಿ ಕುಗ್ಗುತ್ತಿತ್ತು, ಆದರೆ ಜೀವಂತ ಪ್ರಾಣಿಯಲ್ಲಿ ಅದೇ ವಸ್ತು ರಕ್ತನಾಳವನ್ನು ಸಡಿಲ ಮಾಡುತ್ತಿತ್ತು. ಯಾಕೆ ಅಂತ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಹುಡುಕುತ್ತಾ ಹೋದರೆ, ಪಟ್ಟಿ ತಯಾರಿಸುವಾಗ ಒಳಪದರ ಉಜ್ಜಿ ಹೋಗುತ್ತಿತ್ತು, ಅಷ್ಟೇ! ಪದರ ಉಳಿಸಿಕೊಂಡರೆ ಪಟ್ಟಿ ಸಡಿಲವಾಗುತ್ತಿತ್ತು. ಇದು ಪ್ರಕಟವಾದದ್ದು 1980ರಲ್ಲಿ, ಮುಂದೆ 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಆ ಪದರ ಬಿಡುವ ಅನಿಲವೇ ನೈಟ್ರಿಕ್ ಆಕ್ಸೈಡ್. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಕೆಲಸ ಮಾಡುವುದೂ ಅದರಿಂದಲೇ. ಸೂಪರ್‌ಆಕ್ಸೈಡ್ ಇದನ್ನು ಹಿಡಿದು ಪೆರಾಕ್ಸಿನೈಟ್ರೈಟ್ ಮಾಡಿಬಿಡುತ್ತದೆ. ಸಡಿಲ ಮಾಡುವ ವಸ್ತುವೂ ಹೋಯಿತು, ಅದರ ಜಾಗಕ್ಕೆ ಸುಡುವ ವಸ್ತು ಬಂತು.

ಈಗ ನನಗೆ ನಿಜಕ್ಕೂ ಸಿಟ್ಟು ಬಂದ ಜಾಗ. ‘24 ಗಂಟೆಯಲ್ಲೇ ರಕ್ತನಾಳದ ಕೋಶಗಳು ಸಾಯತೊಡಗುತ್ತವೆ’ ಅಂತ ಬರೆದಿದ್ದೀರಿ. ಎಲ್ಲಿ ಸಾಯುತ್ತವೆ? ನೀವು ಓದಿದ್ದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಪ್ರಯೋಗ. ಹೊಕ್ಕುಳಬಳ್ಳಿಯಿಂದ ತೆಗೆದವು. ಅವಕ್ಕೆ ಹಾಕಿದ ಗ್ಲೂಕೋಸ್ 30 ಮಿಲಿಮೋಲ್. 18ರಿಂದ ಗುಣಿಸಿ ನೋಡಿ, ನಮ್ಮ ಲ್ಯಾಬ್ ರಿಪೋರ್ಟಿನ ಭಾಷೆಯಲ್ಲಿ ಅದು 540. ಊಟ ಆದ ಮೇಲೆ 190 ಬಂತು ಅಂತ ಗಾಬರಿಯಾಗಿ ಕೂತಿರುವ ಹೆಂಗಸು ನಿಮ್ಮ ಸಾಲು ಓದಿದರೆ ಏನಾಗಬೇಕು? ತಟ್ಟೆಯ ಪ್ರಯೋಗ ಸುಳ್ಳಲ್ಲ. ಅದನ್ನು ತಟ್ಟೆಯ ಪ್ರಯೋಗ ಅಂತಲೇ ಹೇಳಿ, ಅಂಕಿ ಕೊಡಿ, ಮುಂದೆ ಹೋಗಿ.

ಕೊನೆಯ ಪುಟದ ನೆಲ್ಲಿಕಾಯಿ, ಅರಿಶಿನ, ಗ್ರೀನ್ ಟೀ ಪಟ್ಟಿ ತೆಗೆಯಿರಿ. ಫ್ರೀ ರ‍್ಯಾಡಿಕಲ್ ಕಳ್ಳ, ಆಂಟಿಆಕ್ಸಿಡೆಂಟ್ ಪೊಲೀಸ್ ಅನ್ನುವ ಹೋಲಿಕೆಯೂ ಸಾಕು. ನೆಲ್ಲಿಕಾಯಿ ಮೇಲೆ ನನಗೇನೂ ದ್ವೇಷವಿಲ್ಲ, ಉಪ್ಪಿನಕಾಯಿ ಇಲ್ಲದೆ ಊಟ ಇಳಿಯುವುದಿಲ್ಲ. ಆದರೆ ಹೋಪ್ ಅನ್ನುವ ದೊಡ್ಡ ಪ್ರಯೋಗದಲ್ಲಿ ಹೃದಯದ ಅಪಾಯ ಜಾಸ್ತಿ ಇದ್ದ 9,500ಕ್ಕೂ ಹೆಚ್ಚು ಜನರಲ್ಲಿ ಅರ್ಧ ಜನಕ್ಕೆ ದಿನಾ 400 ಯೂನಿಟ್ ವಿಟಮಿನ್ ಇ ಕೊಟ್ಟು ನಾಲ್ಕೂವರೆ ವರ್ಷ ನೋಡಿದರು. ಅವರಲ್ಲಿ ಶುಗರ್ ಇದ್ದವರೂ ಬಹಳ. 2000ದಲ್ಲಿ ಫಲಿತಾಂಶ ಬಂತು: ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಏನೂ ಕಡಿಮೆಯಾಗಲಿಲ್ಲ. ರೋಗದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ (ಸೂಪರ್‌ಆಕ್ಸೈಡ್‌ನಂಥವು ಕೋಶಕ್ಕೆ ಕೊಡುವ ಏಟು) ಪಾತ್ರ ಇದೆ ಅನ್ನುವುದು ಒಂದು, ಮಾತ್ರೆ ನುಂಗಿದರೆ ಅದು ನಿಲ್ಲುತ್ತದೆ ಅನ್ನುವುದು ಇನ್ನೊಂದು.

ಆ ಜಾಗದಲ್ಲಿ ಡಿಸಿಸಿಟಿ ಅನ್ನುವ, ಶುಗರ್ ಬಿಗಿಯಾಗಿ ಹಿಡಿದು ನೋಡಿದ ಪ್ರಯೋಗದ ಬಗ್ಗೆ ಬರೆಯಿರಿ. ಟೈಪ್ 1 ಇದ್ದ 1,441 ಜನ, 1993ರಲ್ಲಿ ಫಲಿತಾಂಶ. ಶುಗರ್ ಬಿಗಿಯಾಗಿ ಹಿಡಿದವರಲ್ಲಿ, ಆರಂಭದಲ್ಲಿ ಕಣ್ಣಿನ ಪರದೆ ಚೆನ್ನಾಗಿದ್ದವರಿಗೆ ತೊಂದರೆ ಶುರುವಾಗುವ ಅಪಾಯ 76% ಕಡಿಮೆಯಾಯಿತು. ಮಜಾ ಇರುವುದು ಆಮೇಲೆ. ಪ್ರಯೋಗ ಮುಗಿದು ಎರಡೂ ಗುಂಪಿನ, ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ, ಎಚ್‌ಬಿಎ1ಸಿ ಹೆಚ್ಚುಕಡಿಮೆ ಒಂದೇ ಆದ ಮೇಲೂ ಹಳೆಯ ಬಿಗಿಯ ಲಾಭ ವರ್ಷಗಟ್ಟಲೆ ಉಳಿಯಿತು. ರಕ್ತನಾಳಕ್ಕೆ ನೆನಪಿದೆ ಅನ್ನುವ ಹಾಗೆ! ಜೊತೆಗೆ 2008ರಲ್ಲಿ ಅಕಾರ್ಡ್ ಪ್ರಯೋಗದ ಬಿಗಿ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದ್ದನ್ನೂ ಹೇಳಿ. ಟೈಪ್ 2 ಇದ್ದು ಹೃದಯದ ಅಪಾಯವೂ ಜಾಸ್ತಿ ಇದ್ದವರಲ್ಲಿ ತೀರಾ ಕೆಳಗೆ ಇಳಿಸಲು ಹೋದ ಗುಂಪಿನಲ್ಲೇ ಸಾವು ಹೆಚ್ಚಿತ್ತು. ಇದನ್ನು ಬಿಟ್ಟರೆ ಯಾರಾದರೂ ಅಜ್ಜನಿಗೆ ಮಾತ್ರೆ ಡಬಲ್ ಮಾಡಿಯಾರು.

ಭಾಷೆ ಬಗ್ಗೆ ಒಂದೇ ಮಾತು. ‘ಶರ್ಕರ’ ಬೇಡ, ಶುಗರ್ ಅನ್ನಿ. ರಕ್ತನಾಳಕ್ಕೆ ಮಾತ್ರ ಎಲ್ಲೂ ‘ನರ’ ಅನ್ನಬೇಡಿ. ಇಂಜೆಕ್ಷನ್ ನರಕ್ಕೆ ಕೊಟ್ಟರು ಅಂತ ನಾವೆಲ್ಲ ಹೇಳುತ್ತೇವೆ, ಸರಿ, ಆದರೆ ನಿಮ್ಮ ಲೇಖನದಲ್ಲಿ ನಿಜವಾದ ನರವೂ ಬರುತ್ತದಲ್ಲ, ಎರಡೂ ಕಲಸಿಹೋಗುತ್ತವೆ. ಮೂರನೇ ಪುಟದಲ್ಲಿ ಆಗಲೇ ಹೋಗಿವೆ.

ಎರಡು ವಾರ ತಗೊಳ್ಳಿ. 900 ಪದ ಸಾಕು, ಈಗ 2,300 ಇದೆ. ಶೀರ್ಷಿಕೆ ಮಾತ್ರ ನೀವು ಇಡಬೇಡಿ, ಅದನ್ನು ನಾನೇ ನೋಡಿಕೊಳ್ಳುತ್ತೇನೆ.