ಬ್ಯಾಡ್ಜ್ ಹಾಕಿಕೊಂಡಾಗ ಜೀವಾಮೃತ ಹೇಳಿಕೊಡಬಹುದೇ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಾಸ್ಟರ್ ಗಾರ್ಡನರ್ (ವಿಶ್ವವಿದ್ಯಾಲಯದ ಪರವಾಗಿ ಜನರಿಗೆ ತೋಟಗಾರಿಕೆ ಹೇಳಿಕೊಡುವ ಸ್ವಯಂಸೇವಕರು) ತರಬೇತಿ ಮುಗಿಸಿದ್ದೀರಿ. ಸಮುದಾಯ ತೋಟದವರಿಗೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕೊಳೆಸಿ ಮಾಡುವ ದ್ರವಗೊಬ್ಬರ), ಹುಳಕ್ಕೆ ಸಿಂಪಡಿಸುವ ಪಾತ್ರೆ ಸೋಪಿನ ನೀರು ಕಲಿಸಬಹುದೇ ಎಂದು ಕೇಳಿದ್ದೀರಿ. ಬ್ಯಾಡ್ಜ್ ಹಾಕಿಕೊಂಡಾಗ ಎರಡೂ ಬೇಡ. ಆಗ ನೀವು ಮಾತಾಡುವುದು ವಿಶ್ವವಿದ್ಯಾಲಯದ ಪರವಾಗಿ. ಸಂಶೋಧನೆಯ ಆಧಾರ ಇರುವುದನ್ನಷ್ಟೇ ಹೇಳಬೇಕು.

ಜೀವಾಮೃತದ ತೊಡಕು ಹಸಿ ಸಗಣಿ. ಎರಡು ದಿನ ಕೊಳೆಸಿದರೆ ಅದು ಕಾಂಪೋಸ್ಟ್ ಆಗುವುದಿಲ್ಲ. ಬೆಲ್ಲ ಬಿದ್ದರೆ ಇ-ಕೋಲಿಯಂಥ ರೋಗಾಣುಗಳೂ ಹೆಚ್ಚಬಹುದು. ಅಮೆರಿಕದ ಸಾವಯವ ನಿಯಮದ ಪ್ರಕಾರ ಹಸಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಕೊಯ್ಲಿನವರೆಗೆ 120 ದಿನ, ಮಿಕ್ಕವಕ್ಕೆ 90 ದಿನ ಅಂತರ ಬೇಕು. ಪಾಲಕ್, ಕೊತ್ತಂಬರಿ ಅಷ್ಟು ದಿನ ನೆಲದಲ್ಲಿ ಇರುವುದೇ ಇಲ್ಲವಲ್ಲ! ಬದಲಿಗೆ ಬಿಸಿ ಕಾಂಪೋಸ್ಟ್ ಕಲಿಸಿ: ಉದ್ದ ಸಾಲಾಗಿ ಪೇರಿಸಿದ ರಾಶಿಯಲ್ಲಿ 55 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದಂತೆ 15 ದಿನ, ಅಷ್ಟರಲ್ಲಿ ಐದು ಸಲ ಮಗುಚುವುದು. ಉದ್ದ ಕಡ್ಡಿಯ ಥರ್ಮಾಮೀಟರ್ ಇಲ್ಲದೆ ಇದು ಬರೀ ಊಹೆ.

ಪಾತ್ರೆ ತೊಳೆಯುವ ದ್ರವ ಎಲೆಯ ಮೇಣದ ಪದರವನ್ನು ಕರಗಿಸಿ ಎಲೆ ಸುಡುತ್ತದೆ. ಗಿಡದ ಹೇನಿಗೆ ಮೊದಲು ರಭಸದ ನೀರು. ಆಗದಿದ್ದರೆ ಗಿಡಕ್ಕೆಂದೇ ಮಾರುವ ಕೀಟನಾಶಕ ಸೋಪು, ಲೇಬಲ್‌ನಲ್ಲಿ ಇರುವ ಪ್ರಮಾಣದಲ್ಲೇ; ಲೇಬಲ್ ಮೀರುವುದು ಅಲ್ಲಿ ಕಾನೂನುಬಾಹಿರ. ಅದು ತಾಗಿದ ಹುಳವನ್ನಷ್ಟೇ ಕೊಲ್ಲುತ್ತದೆ, ಹಾಗಾಗಿ ಎಲೆಯ ಅಡಿಭಾಗ ತೋಯಬೇಕು. ಸುಡುಬಿಸಿಲಲ್ಲಿ, ಬಾಡಿದ ಗಿಡಕ್ಕೆ ಸಿಂಪಡಿಸಬೇಡಿ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಎಲೆಯ ಮಾದರಿ, ಫೋಟೊ, ಫೋನ್ ನಂಬರ್ ಇಸಿದುಕೊಂಡು ಆಮೇಲೆ ಉತ್ತರಿಸಿ. ಇನ್ನೊಂದು, ನಿಮಗೆ ನರ್ಸರಿ ಇದ್ದರೆ ಮಾಸ್ಟರ್ ಗಾರ್ಡನರ್ ಎಂಬ ಬಿರುದನ್ನು ಅದರ ಜಾಹೀರಾತಿಗೆ ಬಳಸುವಂತಿಲ್ಲ.