ಘಾಟು ಹೊಡೆಯುವ ಅಗ್ಗದ ಮಾಲ್ಬೆಕ್‌ಗೆ ಯಾವ ಊಟ? ಮೊದಲು ಬಾಟಲಿ ಮುಟ್ಟಿ ನೋಡಿ

ಕಡಿಮೆ ಬೆಲೆಯ ಮಾಲ್ಬೆಕ್ (ಅದೇ ಹೆಸರಿನ ದ್ರಾಕ್ಷಿಯಿಂದ ಮಾಡಿದ ರೆಡ್ ವೈನ್) ತಂದಿರಿ, ಬಾಯಿಗಿಟ್ಟರೆ ಘಾಟು, ಆ ಘಾಟು ಮುಚ್ಚುವಂಥ ಖಾರದ ಅಡುಗೆ ಯಾವುದು ಅಂತ ಕೇಳುತ್ತಿದ್ದೀರಿ. ಖಾರ ಬೇಡವೇ ಬೇಡ. ಈ ಬಾವಿಗೆ ನಾನೂ ಬಿದ್ದವನೇ.

ನಾಲ್ಕು ಜನ ಗೆಳೆಯರನ್ನು ಊಟಕ್ಕೆ ಕರೆದಿದ್ದೆ. ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲೇ ಕೊಡಬೇಕು ಅಂತ ಎಲ್ಲೋ ಓದಿದ್ದೆ. ಸರಿ, ಬೆಳಗ್ಗೆಯೇ ಬಾಟಲಿ ತೆಗೆದು ಅಡುಗೆಮನೆಯ ಕಪಾಟಿನ ಮೇಲಿಟ್ಟೆ. ಪಕ್ಕದಲ್ಲೇ ಒಲೆ. ದಿನವಿಡೀ ಅದು ಉರಿಯುತ್ತಲೇ ಇತ್ತು. ಸಂಜೆ ಬಾಟಲಿ ಹಿಡಿದಾಗ ಗಾಜು ಅಂಗೈಗೆ ಬೆಚ್ಚಗೆ ತಾಗಿತು. ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಗ್ಲಾಸ್ ತುಂಬಾ ಸುರಿದೆ, ಜೊತೆಗೆ ಕಣ್ಣಲ್ಲಿ ನೀರು ಬರುವಷ್ಟು ಮೆಣಸಿನಕಾಯಿ ಹಾಕಿದ ಕೋಳಿ. ಒಬ್ಬ ಗುಟುಕು ಕುಡಿದು, ಏನೂ ಅನ್ನದೆ ಗ್ಲಾಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನೀರಿನ ಜಗ್ ಕಡೆ ಕೈ ಚಾಚಿದ. ಆ ಕೈ ಈಗಲೂ ನೆನಪಿದೆ.

ಬೈದದ್ದು ವೈನಿನ ಬೆಲೆಯನ್ನು. ಮರುದಿನ ಫ್ರಿಜ್‌ನಲ್ಲಿದ್ದ ಉಳಿದರ್ಧವನ್ನು, ಚೆಲ್ಲುವ ಮೊದಲು ಒಂದು ಗುಟುಕು ನೋಡೋಣ ಅಂತ ಕುಡಿದರೆ, ಪ್ಲಮ್ ಹಣ್ಣಿನ ಪರಿಮಳ! ಗಾಳಿಯಾಡಿ ಮೆತ್ತಗಾಗಿರಬಹುದು ಅನ್ನಿಸಿತು. ಅನುಮಾನ ತೀರಲೆಂದು ಅದೇ ವೈನಿನ ಇನ್ನೊಂದು ಬಾಟಲಿ ತಂದು ಎರಡು ಗ್ಲಾಸಿಗೆ ಸುರಿದೆ. ಒಂದು ಒಲೆ ಪಕ್ಕ, ಒಂದು ಫ್ರಿಜ್‌ನಲ್ಲಿ, ಅರ್ಧ ಗಂಟೆ. ಬೆಚ್ಚಗಿನದರಲ್ಲಿ ಮೂಗಿಗೆ ಮೊದಲು ಬಡಿದದ್ದು ಸ್ಪಿರಿಟ್, ಆಮೇಲೆ ಅತಿಯಾಗಿ ಕುದಿಸಿದ ಜಾಮ್. ತಂಪಿನದರಲ್ಲಿ ಪ್ಲಮ್, ಬ್ಲ್ಯಾಕ್‌ಬೆರಿ, ಹಿಂದಿನಿಂದ ಒಂದಿಷ್ಟು ಹೂವಿನ ವಾಸನೆ. ಬಾಟಲಿ ಒಂದೇ!

ಕಾರಣ ಸರಳ. ಮಾಲ್ಬೆಕ್‌ನಲ್ಲಿ ಸಾಮಾನ್ಯವಾಗಿ ಶೇ. 13.5ರಿಂದ 14.5ರಷ್ಟು ಆಲ್ಕೋಹಾಲ್ ಇರುತ್ತದೆ. ಬಿಸಿಯಾದಷ್ಟೂ ಅದು ಬೇಗ ಆವಿಯಾಗಿ ಹಣ್ಣಿಗಿಂತ ಮೊದಲು ಮೂಗಿಗೇರುತ್ತದೆ. ರೂಮ್ ಟೆಂಪರೇಚರ್ ಅನ್ನುವ ಮಾತು ಯುರೋಪಿನ ಹಳೇ ತಣ್ಣನೆಯ ಮನೆಗಳದ್ದು. ಇದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. ಹಾಗಂತ ಮಂಜುಗಡ್ಡೆಯಂತೆ ಮಾಡಿದರೆ ಒಗರು, ಕಹಿ ಎರಡೂ ಎದ್ದು ನಿಲ್ಲುತ್ತವೆ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್, ಅಷ್ಟೇ. ಮತ್ತೆ ಹೇಳುತ್ತೇನೆ, ಒಲೆ ಪಕ್ಕ ಇಡಬೇಡಿ.

ಇನ್ನು ಅಗ್ಗ ಅನ್ನುವ ಕೀಳರಿಮೆ. ಫ್ರಾನ್ಸಿನ ನೈರುತ್ಯಕ್ಕಿರುವ ಕಹೋರ್ ಈ ದ್ರಾಕ್ಷಿಯ ಹಳೇ ನೆಲೆ. ಅಲ್ಲಿಯದು ಹೆಚ್ಚು ಒಗರು, ಗಡಸು. 1853ರಲ್ಲಿ ಫ್ರೆಂಚ್ ಕೃಷಿತಜ್ಞ ಮಿಷೆಲ್ ಪುಜೆ ಫ್ರಾನ್ಸಿನ ಬಳ್ಳಿಗಳನ್ನು ಅರ್ಜೆಂಟೀನಾಗೆ ಒಯ್ದ. ಆಂಡೀಸ್ ತಪ್ಪಲಿನ ಮೆಂಡೋಜಾದಲ್ಲಿ ಹಗಲು ಸುಡು ಬಿಸಿಲು, ರಾತ್ರಿ ಚಳಿ. ಹಣ್ಣು ಚೆನ್ನಾಗಿ ಮಾಗುತ್ತದೆ, ಹುಳಿಯೂ ಉಳಿಯುತ್ತದೆ. ಅಲ್ಲಿಯ ಕಡಿಮೆ ಬೆಲೆಯ ಬಾಟಲಿಗಳಲ್ಲಿ ಓಕ್ ಪೀಪಾಯಿಯ ವಾಸನೆ ಕಡಿಮೆ, ಹಣ್ಣೇ ಹೆಚ್ಚು. ನನಗಂತೂ ಅದೇ ಇಷ್ಟ. ಆದರೆ ವರ್ಷಗಟ್ಟಲೆ ಕೂಡಿಡುವ ಸರಕು ಇದಲ್ಲ. ಲೇಬಲ್ ಹಿಂದೆ ಬರೆದ ತಂಬಾಕು, ಚಾಕೊಲೇಟ್ ಎಲ್ಲ ಹುಡುಕುತ್ತಾ ಕೂರಬೇಡಿ. ಗ್ಲಾಸ್ ಮೂರನೇ ಒಂದು ಭಾಗ ತುಂಬಿಸಿ, ತಿರುಗಿಸಿ ಮೂಸಿ. ಹಣ್ಣಿನ ವಾಸನೆ ಬಂದರೆ ಸಾಕು.

ಊಟದ ವಿಚಾರ. ಖಾರ ಮತ್ತು ಆಲ್ಕೋಹಾಲ್ ಸೇರಿದರೆ ಉರಿ ಇನ್ನೂ ಹೆಚ್ಚುತ್ತದೆ, ಅಂದು ನನ್ನ ಕೋಳಿ ಮಾಡಿದ್ದು ಅದನ್ನೇ. ಕೊಬ್ಬು, ಪ್ರೋಟೀನು, ಉಪ್ಪು ಒಗರನ್ನು ಮೆದುಮಾಡುತ್ತವೆ. ಅದಕ್ಕೇ ಅರ್ಜೆಂಟೀನಾದವರು ಕೆಂಡದಲ್ಲಿ ಸುಟ್ಟ ಮಾಂಸದ ಜೊತೆ ಕುಡಿಯುತ್ತಾರೆ. ಮಾಂಸ ತಿನ್ನದವರಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಸುಟ್ಟ ಬದನೆ, ಗಟ್ಟಿ ಚೀಸ್. ಕಾಳುಮೆಣಸು ಹಿತಮಿತವಾಗಿದ್ದರೆ ಪರವಾಗಿಲ್ಲ. ಎಣ್ಣೆಯಂಶದ ಮೀನು ಬೇಡ, ಬಾಯೆಲ್ಲ ಕಬ್ಬಿಣ ನೆಕ್ಕಿದಂತಾಗುತ್ತದೆ. ಸಿಹಿತಿಂಡಿಯ ಜೊತೆಗೂ ಬೇಡ, ವೈನೇ ಹುಳಿ ಅನ್ನಿಸುತ್ತದೆ.

ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ, ಮೂರ್ನಾಲ್ಕು ದಿನ ಏನೂ ಆಗುವುದಿಲ್ಲ. ಈಗ ತೆರೆದಿರುವ ಬಾಟಲಿಯನ್ನೂ ಹಾಗೇ ಮಾಡಿ, ನಾಳೆ ಅಣಬೆ ಹುರಿದುಕೊಂಡು ಮತ್ತೊಮ್ಮೆ ಕುಡಿದು ನೋಡಿ.